ಅಕ್ಕಾರು ಮಾಡಿದ ಪಥ್ಯ

ಅಕ್ಕಾರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರಲ್ಲೂ ಗೆರೆಗಳೇ ಇರಲಿಲ್ಲ. ಹೊಳೆಯ ಕಲ್ಲಿನಂತೆ ನುಣ್ಣಗಿದ್ದವು. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೂತು ಒಂದು ಆಯುಷ್ಯವಿಡೀ ಫೈಲಿನ ಹಾಳೆ ತಿರುವಿ ಸವೆಸಿಕೊಂಡಿದ್ದರು. ಹಾಗಾಗಿ ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷಿನ್ ಅವರನ್ನು ಗುರುತಿಸುತ್ತಲೇ ಇರಲಿಲ್ಲ. ಒಮ್ಮೆ ನಾನೂ ಜೊತೆಗಿದ್ದೆ. ಅಂಗಡಿಯವನು ನಾಲ್ಕು ಸಲ ಒತ್ತಿಸಿ, ಅರಿವೆಯಿಂದ ಒರೆಸಿ ಐದನೆಯ ಸಲ ಒತ್ತಿಸಿ, ಕೊನೆಗೆ ಕೈಚೆಲ್ಲಿ ಕೂತ. ಅಕ್ಕಾರು ತಣ್ಣಗೆ ಹೇಳಿದರು: "ನನ್ನ ಗೆರಿ ಎಲ್ಲಾ ದವಾಖಾನಿ ಫೈಲಿನ್ಯಾಗ ಅದಾವ ತಮ್ಮಾ. ಬೇಕಂದ್ರ ಅಲ್ಲಿ ಹೋಗಿ ತಗೊಂಬಾ."

ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕಾರು ಎನ್ನುತ್ತಾರೆ. ಇವರು ಯಾವ ಸಾಲೆಯಲ್ಲೂ ಕಲಿಸಿದವರಲ್ಲ. ಆದರೂ ಬೈಲಹೊಂಗಲದ ಆ ಆಸ್ಪತ್ರೆಯಲ್ಲಿ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಅಕ್ಕಾರೇ. ನಾನು ಕಿತ್ತೂರಿನಿಂದ ದಿನಾ ಬಸ್ಸಿಗೆ ಬಂದು ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಡಾಕ್ಟರು ಬರೆದ ಬೇನೆಯನ್ನು ಓದಿ, ಅದಕ್ಕೆ ಜಗತ್ತಿನ ಎಲ್ಲ ಆಸ್ಪತ್ರೆಗಳಿಗೂ ತಿಳಿಯುವ ಒಂದು ನಂಬರ್ ಹಚ್ಚುವುದು ನಮ್ಮ ಕೆಲಸ. ಕೋಡಿಂಗ್ ಎನ್ನುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಕೋರ್ಸ್ ಮುಗಿಸಿ ಬಂದವಳು. ಕಂಪ್ಯೂಟರಿನಲ್ಲಿ ಬೇನೆಯ ಹೆಸರು ಹೊಡೆದರೆ ನಂಬರ್ ಬೀಳುತ್ತಿತ್ತು. ಪುಸ್ತಕ ತಿರುವುವ ಈ ಮುದುಕಿಯಿಂದ ಕಲಿಯುವುದೇನಿದೆ ಎಂಬ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಸೊಕ್ಕು ಇಳಿಯಲು ಒಂದು ವಾರವೂ ಬೇಕಾಗಲಿಲ್ಲ. ಮನೋಳಿಯ ಹೆಣ್ಣುಮಗಳೊಬ್ಬಳ ಫೈಲು ಬಂತು. ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಎಂದಿತ್ತು. ನಾನು ಲಿವರ್ ಕ್ಯಾನ್ಸರಿನ ನಂಬರ್ ಹಚ್ಚಿ, ಚಹಾ ಬರುವುದರೊಳಗೆ ಮುಗಿಸಿ ಅವರ ಮುಂದಿಟ್ಟೆ. ಅಕ್ಕಾರು ಹಿಂದಕ್ಕೆ, ಹಿಂದಕ್ಕೆ ಹಾಳೆ ತಿರುವುತ್ತ ಹೋದರು. ನಾನು ನೋಡದೇ ಬಿಟ್ಟ ಹಳೆಯ ಚೀಟಿಯೊಂದರ ಮೇಲೆ ಬೆರಳಿಟ್ಟರು. ನಾಲ್ಕು ವರ್ಷದ ಹಿಂದೆ ಆಕೆಗೆ ಎದೆಯ ಗಡ್ಡೆಯ ಆಪರೇಷನ್ ಆಗಿತ್ತು.

"ಕ್ಯಾನ್ಸರಿಗೂ ತವರುಮನಿ, ಗಂಡನ ಮನಿ ಅಂತ ಇರ್ತಾವ ತಂಗಿ. ಇದು ಲಿವರಿಗೆ ಬಂದದ್ದು ಗಂಡನ ಮನಿಗೆ ಬಂದಂಗ. ಹುಟ್ಟಿದ್ದೆಲ್ಲಿ, ಅದನ್ನ ಹುಡುಕು."

ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಲಿವರಿಗೆ ಹರಡಿದರೂ ಅದು ಎದೆಯ ಕ್ಯಾನ್ಸರೇ. ಔಷಧ ಕೊಡುವುದೂ ಹುಟ್ಟಿದ ಜಾಗ ನೋಡಿ. ಹಾಗಾಗಿ ಎರಡು ನಂಬರ್ ಬರೆಯಬೇಕು, ಹುಟ್ಟಿದ್ದಕ್ಕೊಂದು, ಹರಡಿದ್ದಕ್ಕೊಂದು. ಲಿವರಿಗೆ ಹರಡಿದ್ದಕ್ಕೆ ಸಿ ಎಪ್ಪತ್ತೆಂಟು ಪಾಯಿಂಟ್ ಏಳು. ಹುಟ್ಟಿದ ಜಾಗ ಎಷ್ಟು ಹುಡುಕಿದರೂ ಸಿಗದಿದ್ದರೆ ಏನು ಮಾಡಬೇಕೆಂದು ಕೇಳಿದೆ. ಸಿಗಲಿಲ್ಲ ಎಂದು ಬರೆಯಲಿಕ್ಕೂ ಒಂದು ನಂಬರ್ ಇದೆ, ಅಂದಾಜಿನ ಮೇಲೆ ಬರೆಯಲಿಕ್ಕೆ ಮಾತ್ರ ನಂಬರ್ ಇಲ್ಲ ಎಂದರು. ಇನ್ನೊಂದು ಮಾತು ಅವರು ಬೇಸರವಿಲ್ಲದೆ ಹೇಳುತ್ತಿದ್ದರು: ಬೇನೆ ಗೊತ್ತಿದ್ದಾಗ ಬರೀ ಲಕ್ಷಣ ಬರೆದು ಕೈತೊಳೆದುಕೊಳ್ಳಬಾರದು. ಜ್ವರ, ಕೆಮ್ಮು, ಕಾಮಣಿ ಇವೆಲ್ಲ ಲಕ್ಷಣ. ಕಣ್ಣು ಹಳದಿಯಾಗುವುದಕ್ಕೆ ನಮ್ಮಲ್ಲಿ ಕಾಮಣಿ ಎನ್ನುತ್ತಾರೆ.

ನಂಬರ್ ಕಲಿಯುವುದಕ್ಕಿಂತ ಕಷ್ಟದ್ದು ನಮ್ಮ ಕಿಟಕಿಗೆ ಬರುವ ಜನರನ್ನು ಸಂಭಾಳಿಸುವುದು. ನಮ್ಮ ಸೀಮೆಯಲ್ಲಿ ಕ್ಯಾನ್ಸರ್ ಎಂಬ ಹೆಸರನ್ನು ಪೇಷಂಟಿನ ಮುಂದೆ ಯಾರೂ ತೆಗೆಯುವುದಿಲ್ಲ. ಮಗ ಬರುತ್ತಾನೆ, ಅಳಿಯ ಬರುತ್ತಾನೆ, ಮನೆಗೆ ಒಯ್ಯುವ ಕಾರ್ಡಿನ ಮೇಲೆ ಬೇರೆ ಏನಾದರೂ ಬರೆಯಿರಿ ಎಂದು ಕೈಮುಗಿಯುತ್ತಾನೆ. ಅಕ್ಕಾರು ಗದರುತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ, ಬರೀ ನಂಬರ್ ಇರುತ್ತದೆ, ಆದರೆ ಆ ನಂಬರ್ ಮಾತ್ರ ಖರೆ, ನಿಜವಾದದ್ದೇ ಇರುತ್ತದೆ ಎಂದು ಹೇಳಿ ಕಳಿಸುತ್ತಿದ್ದರು.

ಒಮ್ಮೆ ಸವದತ್ತಿ ಕಡೆಯ ಹಿರಿಯರೊಬ್ಬರು ಮಗನ ಕಣ್ಣು ತಪ್ಪಿಸಿ ಕಿಟಕಿಗೆ ಬಂದು, ಈ ನಂಬರ್ ಅಂದರೆ ಏನು ಎಂದು ಕೇಳಿದರು. ನಾನು ಗಾಬರಿಯಾಗಿ ಅದು ಆಫೀಸಿನ ಲೆಕ್ಕದ್ದು ಎಂದುಬಿಟ್ಟೆ. ಅಕ್ಕಾರು ಎದ್ದುಹೋಗಿ ಅವರನ್ನು ಒಳಗೆ ಕರೆತಂದು ಕೂಡಿಸಿ ಚಹಾ ಕೊಟ್ಟರು. ತಾವೇ ಕೈಹಿಡಿದು ಡಾಕ್ಟರ ಹತ್ತಿರ ಕರೆದೊಯ್ದು, ಇವರು ಕೇಳಲಿಕ್ಕೆ ಹತ್ತಿದ್ದಾರೆ, ಹೇಳಿರಿ ಎಂದರು. ತಿರುಗಿ ಬಂದು ನನಗೆ ಹೇಳಿದ್ದು ಇಷ್ಟೇ: "ಕೇಳದವರಿಗೆ ಹೇರಬಾರದು. ಕೇಳಿದವರಿಗೆ ಸುಳ್ಳ ಹೇಳಬಾರದು."

ಅಕ್ಕಾರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮದುವೆಯಾಗದೆ ತಾವೇ ಬೆಳೆಸಿದ ತಮ್ಮನ ಮನೆಯಲ್ಲಿದ್ದರು. ಆ ತಮ್ಮ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವರು, ಗಟ್ಟಿ ದನಿಯ ಮನುಷ್ಯ. ಒಂದು ಮಧ್ಯಾಹ್ನ ನನ್ನ ಕಿಟಕಿಗೆ ಬಂದು ನಿಂತಾಗ ದನಿಯೇ ಇರಲಿಲ್ಲ. ಬೆಳಗಾವಿಯಲ್ಲಿ ಅಕ್ಕನ ಸ್ಕ್ಯಾನ್ ಮಾಡಿಸಿದ್ದರು. ದೊಡ್ಡ ಕರುಳಿನಲ್ಲಿ ಹುಟ್ಟಿದ್ದು ಲಿವರ್ ತುಂಬ ಹರಡಿತ್ತು. ನೋವು ಕಡಿಮೆ ಮಾಡುವುದು ಬಿಟ್ಟು ಇನ್ನೇನೂ ಉಳಿದಿಲ್ಲ ಎಂದು ನಮ್ಮ ಡಾಕ್ಟರೂ ಹೇಳಿದ್ದರು. ಅಕ್ಕನ ಕಣ್ಣು ಹೇಗೂ ಹಳದಿಯಾಗಿದೆ, ಆಕೆಗೆ ಕಾಮಣಿ ಎಂದು ಹೇಳಿದ್ದೇವೆ ಎಂದರು ತಮ್ಮ. ಬೇರೆಯವರಾಗಿದ್ದರೆ ಕಾರ್ಡಿನ ಮೇಲಿನ ನಂಬರ್ ತಿಳಿಯುತ್ತಿರಲಿಲ್ಲ, ಅಕ್ಕ ಓದಿಬಿಡುತ್ತಾಳೆ. ಕಾಮಣಿಯ ನಂಬರ್ ಒಂದನ್ನೇ ಬರೆದುಕೊಡಿ ಎಂದು ನನ್ನೆದುರು ಕೈಮುಗಿದರು.

ಫೈಲಿನಲ್ಲಿ ನಾನು ಎರಡೂ ಖರೆ ನಂಬರ್ ಬರೆದೆ. ಮನೆಗೆ ಹೋಗುವ ಕಾರ್ಡಿನ ಮೇಲೆ ಮಾತ್ರ ಆರ್ ಹದಿನೇಳು ಎಂದು ಬರೆದೆ. ಅದು ಕಾಮಣಿಯದು. ಯಾರು ನನಗೆ ಈ ಕೆಲಸ ಕಲಿಸಿದರೋ ಅವರ ಕಾರ್ಡಿನ ಮೇಲೆಯೇ ಅವರು ಮಾಡಬೇಡ ಎಂದದ್ದನ್ನು ಮಾಡಿದೆ. ಸಾಲದ್ದಕ್ಕೆ ನಾನೇ ಒಯ್ದು ಕೊಟ್ಟೆ.

ಅಕ್ಕಾರು ಚಾಳೀಸಿನ ಕನ್ನಡಕ ಏರಿಸಿ ಕಾರ್ಡು ನೋಡಿದರು. ಪಕ್ಕದಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಬರೀ ಕಾಮಣಿ, ಪಥ್ಯ ಮಾಡಿದರೆ ಹೋಗುತ್ತದೆ, ಚಲೋ ಆಯಿತು ಎಂದು ಆಕೆಗೆ ಹೇಳಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ಅಕ್ಕಾರು ಕಾರ್ಡು ಮಡಿಚಿ ದಿಂಬಿನ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ತವರುಮನಿ ಯಾವುದು?"

ಅವರು ಕಾದರು. ನಾನು ತಡಮಾಡಿದಾಗೆಲ್ಲ ಹಾಗೇ ಕಾಯುವುದು ಅವರ ರೂಢಿ. "ದೊಡ್ಡ ಕರಳ್ರಿ," ಅಂದೆ.

ಫೈಲಿನಲ್ಲಾದರೂ ಎರಡು ನಂಬರ್ ಬರೆದಿದ್ದೀಯೋ ಇಲ್ಲವೋ ಎಂದು ಕೇಳಿದರು. ಬರೆದಿದ್ದೇನೆ ಎಂದೆ. ನನ್ನ ಅಳು ನೋಡಿ, ಅಳುವುದಾದರೆ ಮನೆಗೆ ಹೋಗಿ ಅಳು ಎಂದು ಸಣ್ಣಗೆ ಬೈದರು. ಒಳಗೆ ಚಹಾದ ಕಪ್ಪು, ಬಸಿಗಳ ಸಪ್ಪಳ ಕೇಳಿದ ಮೇಲೆ ದನಿ ಇಳಿಸಿ ಹೇಳಿದರು:

"ನನಗ ಗೊತ್ತೈತಿ ಅಂತ ತಮ್ಮಗ ಹೇಳಬ್ಯಾಡ. ನನ್ನಿಂದ ಮುಚ್ಚಿಡೂದೊಂದ ಕೆಲಸ ಅವನ ಕೈಯಾಗ ಉಳದೈತಿ. ಅದನ್ನೂ ಕಸಗೊಂಡ್ರ ಅಂವ ಏನ್ ಮಾಡಬೇಕು?"

ಅಂದಿನಿಂದ ಅಕ್ಕಾರು ಕಾಮಣಿಯ ಪಥ್ಯ ಹಿಡಿದರು. ರಾಮದುರ್ಗದ ಕಡೆಯ ಒಂದು ಹಳ್ಳಿಯಿಂದ ತಮ್ಮ ಪ್ರತಿ ರವಿವಾರ ಗಿಡಮೂಲಿಕೆಯ ಔಷಧ ತರುತ್ತಿದ್ದರು. ಅಕ್ಕಾರು ಕಹಿಗೆ ಮುಖ ಕಿವುಚದೆ ಕುಡಿದು, ಈ ವಾರ ಸ್ವಲ್ಪ ಹಗುರ ಅನಿಸುತ್ತದೆ ಎನ್ನುತ್ತಿದ್ದರು. ಎಣ್ಣೆ ಇಲ್ಲ, ಖಾರ ಇಲ್ಲ. ಜೋಳದ ರೊಟ್ಟಿಗೆ ಕೆಂಪು ಚಟ್ನಿ ಇಲ್ಲದಿದ್ದರೆ ತುತ್ತು ಎತ್ತದ ಹೆಂಗಸು, ಕೆಲಸದ ದಿನಗಳಲ್ಲಿ ನನ್ನ ಡಬ್ಬಿಯ ಚಟ್ನಿಯನ್ನೂ ಬಳಿದು ತಿನ್ನುತ್ತಿದ್ದ ಹೆಂಗಸು, ತನ್ನದಲ್ಲದ ಬೇನೆಗೆ ಸಪ್ಪನೆಯ ಗಂಜಿ ಉಂಡರು. ನನಗೆ ನೋಡಲಾಗಲಿಲ್ಲ. ಒಂದು ದಿನ ಮನೆಯಲ್ಲಿ ಕುಟ್ಟಿದ ಚಟ್ನಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಒಯ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಸವೆದ ಬೆರಳಿನ ತುದಿಗೆ ಒಂದಿಷ್ಟು ಹಚ್ಚಿಕೊಂಡು ನಾಲಿಗೆಗಿಟ್ಟರು. ಹಣೆ ಬೆವರಿತು, ಮುಖ ಅರಳಿತು. ಉಳಿದದ್ದನ್ನು ತಿರುಗಿ ಕಟ್ಟಿಸಿದರು. ವಾಸನೆ ಬಂದರೆ ತಮ್ಮನ ಹೆಂಡತಿ ನೊಂದುಕೊಳ್ಳುತ್ತಾಳೆ, ಸಾಕು ಎಂದರು.

ಕಡೆಯ ಎರಡು ತಿಂಗಳು ಕೆಲಸ ಮುಗಿಸಿ ಬಸ್ಸು ಹತ್ತುವ ಮೊದಲು ದಿನಾ ಅವರಲ್ಲಿಗೆ ಹೋಗುತ್ತಿದ್ದೆ. ಇಬ್ಬರೇ ಇದ್ದಾಗ ಹೊಟ್ಟೆ ಎಷ್ಟು ಉಬ್ಬಿದೆ, ನೋವು ಎಲ್ಲಿಗೆ ಬಂದಿದೆ ಎಂದು ಬೇರೆ ಯಾರದೋ ಫೈಲು ಓದಿದಂತೆ ಹೇಳುತ್ತಿದ್ದರು. ಒಂದೇ ಒಂದು ಸಂಜೆ, ಹೆದರಿಕೆ ಆಗುತ್ತದೆ ಎಂದರು. ನಾನು ಆ ನುಣ್ಣನೆಯ ಕೈ ಹಿಡಿದುಕೊಂಡೆ, ಬಸ್ಸು ಹೋದರೆ ಹೋಗಲಿ ಎಂದು ಕೂತೆ. ತಮ್ಮನು ಅಂಗಡಿಯಿಂದ ಬಂದ ಸಪ್ಪಳಕ್ಕೆ ಕೈ ಬಿಡಿಸಿಕೊಂಡು, ಇವತ್ತು ಔಷಧ ಯಾಕೋ ಜಾಸ್ತಿ ಕಹಿ ಇತ್ತಪ್ಪಾ ಎಂದು ನಕ್ಕರು.

ಅಕ್ಕಾರ ಮಣ್ಣಾದ ಮೂರನೆಯ ದಿನ ಹೋದೆ. ಅವರ ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕನಿಗೆ ಕಡೆತನಕ ತಿಳಿಯದಂತೆ ನೋಡಿಕೊಂಡೆವು, ಅದೊಂದೇ ಸಮಾಧಾನ ಎಂದರು. ನಾನು ತಲೆಯಾಡಿಸಿದೆ. ಆಮೇಲೆ ಅವರು ಮುಖವೆತ್ತಿ ನನ್ನನ್ನೇ ನೋಡಿದರು.

"ನೀವು ದಿನಾ ಬರತಿದ್ರಿ. ಖರೇ ಹೇಳ್ರಿ. ಅಕ್ಕಗ ಗೊತ್ತಿತ್ತೇನ್ರಿ?"

ಅವರು ಕೇಳಿಬಿಟ್ಟಿದ್ದರು. ಕೇಳಿದವರಿಗೆ ಸುಳ್ಳು ಹೇಳಬಾರದು ಎಂದವರೂ ಅಕ್ಕಾರೇ, ತಮ್ಮನಿಗೆ ಹೇಳಬೇಡ ಎಂದವರೂ ಅವರೇ; ತಮ್ಮನೇ ಕೇಳಿದರೆ ಏನು ಮಾಡಬೇಕೆಂದು ಮಾತ್ರ ಹೇಳಿ ಹೋಗಿರಲಿಲ್ಲ.

"ಇಲ್ರಿ," ಅಂದೆ. "ಕಾಮಣಿ ಅಂತನ ತಿಳದಿದ್ರು."

ಆ ಮನುಷ್ಯ ಟಾವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಎಷ್ಟೋ ದಿನದ ಮೇಲೆ ಹೊರೆ ಇಳಿಸಿದವರ ಅಳು ಅದು. ನಾನು ಹೇಳಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನು ಹೇಳಬಲ್ಲವರು ಅಕ್ಕಾರೊಬ್ಬರೇ. ಅವರು ಒಂದು ಸಲ ಬಂದು ಬೈದು ಹೋದರೂ ಸಾಕಿತ್ತು ಅನಿಸುತ್ತದೆ.