ಚಾಚಿ ಕೊಟ್ಟ ಬಯೊನೆಟ್

ನೆಲದಡಿ ಬೆಳೆಯುತ್ತದೆಂದು ಗಜ್ಜರಿ ತಿನ್ನಲೂ ಹಿಂದೆಮುಂದೆ ನೋಡುವ ಜೈನರ ಮನೆ ನಮ್ಮದು. ಅಂಥ ಮನೆಯಲ್ಲಿ ಕೂತು ನಾನು ಅಮೆರಿಕದ ಸೈನ್ಯದ ಹಳೆಯ ಬಯೊನೆಟ್‌ಗಳನ್ನು ಕೂಡಿಹಾಕುತ್ತೇನೆ. ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿಗಳು ಅವು. ನಮ್ಮೂರು ಏಕಸಂಬಿಯಲ್ಲಿ ಎಲ್ಲರಿಗೂ ಈ ಹುಚ್ಚು ಗೊತ್ತು. ಹೆಂಡತಿಯಂತೂ ನೆಂಟರೆದುರೇ ಅಂದುಬಿಡುತ್ತಾಳೆ: "ಇರುವಿ ತುಳದರ ಪಾಪ ಅಂತಾರ, ಕಪಾಟಿನ ತುಂಬ ಕತ್ತಿ ಇಟ್ಟಾರ!" ನಾನು ಎದ್ದು ಕಪಾಟಿನ ಬಾಗಿಲು ಮುಚ್ಚುತ್ತೇನೆ.

ನನ್ನ ಬಳಿ ಇರುವವೆಲ್ಲ ಗಿಡ್ಡವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರೇ ತಮ್ಮ ಉದ್ದನೆಯ ಹಳೆಯ ಬಯೊನೆಟ್‌ಗಳನ್ನು ಕತ್ತರಿಸಿ ಮೋಟು ಮಾಡಿದ್ದರು. ಕತ್ತರಿಸದೆ ಉಳಿದವು ಅಪರೂಪ. ಅಂಥದೊಂದು ಇಲ್ಲೇ ಉಗಾರ ಖುರ್ದದಲ್ಲಿ, ಚಾಚಿಯ ಟ್ರಂಕಿನಲ್ಲಿತ್ತು. ಚಾಚಿ ನನ್ನ ತಂದೆಯ ಗೆಳೆಯರ ಹೆಂಡತಿ. ಸಿಪಾಯಿಯಾಗಿದ್ದ ಅವರ ಮಾವ ಬರ್ಮಾದ ಯುದ್ಧದಿಂದ ಅದನ್ನು ತಂದಿದ್ದರು. ಪ್ರತಿ ಈದಿಗೆ ಸುರಕುಂಬಾ ಪಾಯಸ ಕುಡಿಯುವ ನೆಪದಲ್ಲಿ ಹೋಗಿ, ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿಸಿ, ಕಣ್ತುಂಬ ನೋಡಿ ಬರುತ್ತಿದ್ದೆ. ನನಗೆ ಕೊಡಿ ಎಂದು ಬಾಯಿಬಿಟ್ಟು ಕೇಳಿಯೂ ಇದ್ದೆ; ಅವರು ಕೊಟ್ಟಿರಲಿಲ್ಲ.

ಈ ವರ್ಷ ಚಾಚಿಯೇ ಫೋನ್ ಮಾಡಿದರು: "ನನಗ ವಯಸ್ಸಾತು. ಅದನ್ನ ನೀನ ಒಯ್ಯ ಬಾರಪಾ."

ಗಾಡಿ ಹತ್ತಿ ಓಡಿದೆ. ಚಾಚಿ ಗಂಟನ್ನು ನನ್ನ ತೊಡೆಯ ಮೇಲಿಟ್ಟರು. ಬಿಚ್ಚಿದರೆ ಅರ್ಧವೇ ಇತ್ತು! ಉಳಿದ ಅಲಗಿನ ತುದಿಯನ್ನು ಗುಂಡಗೆ ಉಜ್ಜಲಾಗಿತ್ತು.

"ನಿಮ್ಮದು ಜೈನರ ಮನಿ. ಚುಚ್ಚೂದನ್ನ ಹಂಗ ಹೆಂಗ ಕೊಡಲಿ? ಕಂಬಾರನ ಕಡೆ ಕಡಿಸೇನಿ," ಎಂದರು ಚಾಚಿ, ಹೆಮ್ಮೆಯಿಂದ.

ಅಳು ಬರುವಷ್ಟು ಸಿಟ್ಟು ಬಂತು ನನಗೆ. ಇಷ್ಟು ವರ್ಷ ಕಾದದ್ದು ಇದಕ್ಕೇನು?

"ಒಂದ ಮಾತ ಕೇಳಬೇಕಿತ್ತಲ್ರಿ, ಚಾಚಿ."

ಅವರ ಮುಖ ಸಣ್ಣದಾಯಿತು. ಸೆರಗು ಸರಿಪಡಿಸಿಕೊಂಡರು.

"ನಿನಗ ಹೇಳಿರಲಿಲ್ಲ. ಯುದ್ಧದಾಗ ಇದು ಮಾವನ ಕೈಗೆ ಸಿಕ್ಕಿತ್ತಂತ. ಇದರ್ಲೇನ ವೈರಿ ಕಡಿ ಒಬ್ಬ ಹುಡುಗನ್ನ ಚುಚ್ಚಿದ್ರಂತ. ಅಂವ 'ಅವ್ವಾ' ಅಂದಂಗ ಏನೋ ಅಂದನಂತ, ಅವನ ಭಾಷಾದಾಗ. ಸಾಯೂ ತನಕಾ ಮಾವ ಅದನ್ನ ಹೇಳಿ ಹೇಳಿ ಅಳತಿದ್ರು. ಆ ಮೊನಿ ನಿಮ್ಮ ಮನಿಗೆ ಬರೂದು ಬ್ಯಾಡ ಅನಿಸ್ತು, ತಮ್ಮಾ."

ಇಷ್ಟು ವರ್ಷ ಅದರ ಉದ್ದ ನೋಡಿದ್ದೆ, ಅಲಗಿನ ಬುಡದ ಅಕ್ಷರ ನೋಡಿದ್ದೆ, ತುಕ್ಕು ಹಿಡಿದಿಲ್ಲವೆಂದು ಹಿಗ್ಗಿದ್ದೆ. ಈಗ ಮುಟ್ಟಲು ಕೈ ಬರಲಿಲ್ಲ. "ಛಲೋ ಮಾಡೀರಿ, ಚಾಚಿ," ಎಂದೆ. ನನ್ನ ತೊಡೆಯ ಮೇಲಿಂದ ಅವರೇ ಅದನ್ನೆತ್ತಿ, ಬಟ್ಟೆ ಸುತ್ತಿ, ಚೀಲದಲ್ಲಿಟ್ಟುಕೊಟ್ಟರು.