ಎರಡು ಮೊಳದ ನೋವು

ನಮ್ಮ ನೇಕಾರರ ಗುಂಪಿನಲ್ಲಿ ಓದದೆಯೇ ಹೆಬ್ಬೆರಳಿನ ಚಿತ್ರ ಒತ್ತಿ ಓಡುವ ಸೋಮಾರಿಗಳೇ, ಇವತ್ತು ಪೂರ್ತಿ ಓದಿ. ಬೆಳಿಗ್ಗೆ ನಾರಾಯಣಪೇಟೆ ದವಾಖಾನೆಯಲ್ಲಿ ಡಾಕ್ಟರು ನನ್ನ ಭುಜ ನೋಡಿ, "ಅವ್ವಾ, ಹತ್ತರಾಗ ನೋವು ಎಷ್ಟೈತಿ?" ಎಂದರು.

"ಎರಡ್ರೀ," ಎಂದೆ.

"ಬರೇ ಎರಡಾ? ಮುಲಾಮು ಹಚ್ಚಿಕೋರಿ, ಸಾಕು."

ಜೊತೆಗಿದ್ದ ಸೊಸೆ ಹಣೆ ಚಚ್ಚಿಕೊಂಡಳು. "ಡಾಕ್ಟ್ರೇ, ನಮ್ಮತ್ತಿ ಮೊಳದ ಲೆಕ್ಕ ಹೇಳ್ಯಾರ್ರೀ! ಮೊದಲು ದಿನಕ್ಕ ಆರು ಮೊಳ ಸೀರಿ ನೇಯ್ತಿದ್ರು. ಈಗ ಎರಡಕ್ಕ ಕೈ ನಿಂತು ಹೋಗ್ತೈತಿ."

ಡಾಕ್ಟರು ನನ್ನ ಕೈ ಮೇಲೆತ್ತಿಸಿದರು. ನಾನು ಕೂಗಿದ ಕೂಗಿಗೆ ಹೊರಗೆ ಕೂತವರೆಲ್ಲ ಬಾಗಿಲಿಗೆ ಬಂದು ಇಣುಕಿದರು. ಡಾಕ್ಟರು ಚೀಟಿಯಲ್ಲಿದ್ದ ಎರಡನ್ನು ಹೊಡೆದುಹಾಕಿ ಎಂಟು ಬರೆದು, ಸ್ಕ್ಯಾನಿಂಗಿಗೆ ಕಳಿಸಿದರು.

ಹಾಗಾದರೆ ಕೂಗಲು ಬಾರದವರ ನೋವನ್ನು ಈ ಡಾಕ್ಟರುಗಳು ಹೇಗೆ ಅಳೆಯುತ್ತಾರೆ? ನಿಮ್ಮ ಭುಜ ಎಷ್ಟು ಕೆಲಸ ಆದ ಮೇಲೆ ಕೈಕೊಡುತ್ತದೆ, ಒಬ್ಬೊಬ್ಬರೂ ಬರೆಯಿರಿ. ಮುಂದಿನ ತಿಂಗಳು ನಾನು ಡಾಕ್ಟರಿಗೆ ಮತ್ತೆ ಭುಜ ತೋರಿಸಬೇಕು, ಆಗ ನಿಮ್ಮ ಲೆಕ್ಕವನ್ನೂ ಅವರ ಮುಂದಿಡುತ್ತೇನೆ; ಅದಕ್ಕೂ ಮೊದಲೇ ಉತ್ತರ ಬರಲಿ.