ತೊರೆಯ ಹುಳುವಿಗೆ ನೀರು ಹೊಯ್ದ ಮಧ್ಯಾಹ್ನ

ನನ್ನ ಮೊಮ್ಮಗಳು ಕಾಲೇಜಿನಲ್ಲಿ ಹುಳುಗಳ ವಿಷಯ ಓದುತ್ತಾಳೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳು ಮೈಕ್ರೋಸ್ಕೋಪಿನ ಮುಂದೆ ಬಗ್ಗಿ ಕೂತ ಫೋಟೋವನ್ನು ನಾವಿರುವ ಜನಕಪುರಿಯ ತರಕಾರಿ ಭಯ್ಯಾನಿಗೂ ತೋರಿಸಿದ್ದೇನೆ. ಅಷ್ಟು ಹಿಗ್ಗು ನನಗೆ.

ಮಳೆಗಾಲ ಮುಗಿದ ಮೇಲೆ ಅವಳು ಫರೀದಾಬಾದಿನಾಚೆಯ ಗುಡ್ಡದ ತೊರೆಯಿಂದ ಒಂದು ಕಲ್ಲು ತಂದು, ಬಾಲ್ಕನಿಯಲ್ಲಿ ನೀರಿನ ಟಬ್ಬಿನೊಳಗಿಟ್ಟು, ನೀರಾಡಿಸಲು ಪುಟ್ಟ ಪಂಪೊಂದನ್ನು ಹಾಕಿದಳು. ಕಲ್ಲಿಗೆ ಮರಳಿನ ಸಣ್ಣ ಕೊಳವೆಯೊಂದು ಅಂಟಿಕೊಂಡಿತ್ತು, ಜೀರಿಗೆಗಿಂತ ತುಸು ದಪ್ಪ.

"ಕ್ಯಾಡಿಸ್ ಅಂತ ಹುಳು, ಅಜ್ಜಿ. ಮರಳು ಅಂಟಿಸಿ ಮನೆ ಕಟ್ಕೊಂಡು ಒಳಗೆ ಕೂತಿದೆ. ರೆಕ್ಕೆ ಬಂದ್ಮೇಲೇನೇ ಯಾವ ಜಾತಿ ಅಂತ ಗೊತ್ತಾಗೋದು. ಹರಿಯೋ ನೀರಲ್ಲಿರೋದು, ಈ ಪಂಪ್ ನಿಂತ್ರೆ ಸತ್ತೋಗುತ್ತೆ."

"ಬಾಡಿಗೆ ಕೊಡದೆ ಇರೋಳು ನೀನೊಬ್ಳಿದ್ದೆ, ಈಗ ಇದೂ ಬಂತು," ಎಂದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮನೆಯಲ್ಲಿ ನಾನೊಬ್ಬಳೇ. ಪಂಪಿನ ಗುಳುಗುಳು ನಿಂತಿತು. ಮೊಮ್ಮಗಳು ಫೋನು ಎತ್ತಲಿಲ್ಲ. ಎತ್ತಿ ಹೊಯ್ದು ಕಾಫಿಗೆ ನೊರೆ ಬರಿಸುವ ಕೈ ನನ್ನದು. ಟಬ್ಬಿನ ನೀರನ್ನೇ ಲೋಟದಲ್ಲಿ ಮೊಗೆದು, ಎತ್ತರದಿಂದ ಮತ್ತೆ ಟಬ್ಬಿಗೆ ಹೊಯ್ದೆ. ಕರೆಂಟು ಬರುವವರೆಗೂ ಹೊಯ್ದೆ. ಭುಜ ಸೋತಾಗ ಕೈ ಬದಲಿಸಿದೆ. "ಇನ್ನೊಂಚೂರು ತಡ್ಕೊಳಪ್ಪ," ಎಂದು ಅದಕ್ಕೆ ಹೇಳಿಯೂ ಹೇಳಿದೆ.

ಕೆಲವು ದಿನಗಳಾದ ಮೇಲೆ ಬೆಳಿಗ್ಗೆ ನೋಡಿದರೆ, ಮೊಮ್ಮಗಳು ಆಮೇಲೆ ಟಬ್ಬಿಗೆ ಕಟ್ಟಿದ್ದ ಸೊಳ್ಳೆಪರದೆಯ ಒಳಗೆ ಅದು ಕೂತಿತ್ತು! ಕಂದು ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಬಿಟ್ಟು, ಮೈಗಿಂತ ಉದ್ದದ ಮೀಸೆ ಆಡಿಸುತ್ತಿತ್ತು. ನಾನು ಕೂಗಿದ ಕೂಗಿಗೆ ಮೊಮ್ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದಳು.

"ಅಜ್ಜಿ, ಕಮಾಲ್ ಮಾಡ್ಬಿಟ್ಟೆ!" ಎಂದು ನನ್ನನ್ನು ತಬ್ಬಿ ಕುಣಿಸಿದಳು. ಆಮೇಲೆ ಪುಟ್ಟ ಬಾಟಲಿಯೊಂದನ್ನು ತಂದಳು. ಒಳಗೆ ಸ್ಪಿರಿಟ್ಟು.

"ನೋಡಿ ಬಿಟ್ಬಿಡೇ, ಪುಟ್ಟಿ."

"ಆಗಲ್ಲ ಅಜ್ಜಿ. ಜಾತಿ ಗೊತ್ತಾಗೋದು ಅದರ ಬಾಲದ ತುದೀಲಿ, ಮೈಕ್ರೋಸ್ಕೋಪಲ್ಲೇ ನೋಡ್ಬೇಕು. ಇದು ಅಲ್ಲಿದೆ ಅಂತ ಪ್ರೂಫ್ ಇಲ್ದಿದ್ರೆ ನಾಳೆ ಆ ತೊರೆ ಮುಚ್ಚಿ ರೋಡ್ ಮಾಡಿದ್ರೂ ಯಾರೂ ಕೇಳಲ್ಲ."

ಅವಳು ಹುಳುವನ್ನು ಸ್ಪಿರಿಟ್ಟಿಗೆ ಇಳಿಸಿ ಮುಚ್ಚಳ ತಿರುಗಿಸಿದಳು.

ಜಾತಿ ಗೊತ್ತಾದ ದಿನ ಅವಳು ಕಾಲೇಜಿನಿಂದಲೇ ಫೋನು ಮಾಡಿ ಕಿರುಚಿದಳು. ನಾನು ಕೇಸರಿಬಾತ್ ಮಾಡಿ ಅಕ್ಕಪಕ್ಕದವರಿಗೆಲ್ಲ ಕೊಟ್ಟೆ. ಹುಳುವಿನ ಹೆಸರು ಮಾತ್ರ ನನ್ನ ನಾಲಿಗೆಗೆ ತಿರುಗಲಿಲ್ಲ.

ಖಾಲಿ ಮರಳುಮನೆಯನ್ನು ಅವಳು ನನಗೇ ಕೊಟ್ಟಿದ್ದಾಳೆ. ಅಂಗೈಯಲ್ಲಿಟ್ಟರೆ ಭಾರವೇ ಇಲ್ಲ. ಆವತ್ತು ಮೊದಲು ಪರದೆಯ ಗಂಟು ಬಿಚ್ಚಿ, ಆಮೇಲೆ ಅವಳನ್ನು ಕೂಗಬಹುದಿತ್ತು ಅನ್ನಿಸುತ್ತದೆ. ಬಿಚ್ಚಿದ್ದರೂ ಪಾಪ, ಈ ಜನಕಪುರಿಯಲ್ಲಿ ಹರಿಯುವ ನೀರು ಹುಡುಕಿಕೊಂಡು ಅದು ಎಲ್ಲಿಗೆ ಹೋಗುತ್ತಿತ್ತು?